ಪತ್ರ ಕಾದಂಬರಿ ಅಂದರೆ ಏನು?

ಕಾದಂಬರಿ ಪೂರ್ತಿ ಬರೀ ಕಾಗದಗಳು. ಇವನು ಅವಳಿಗೆ ಬರೆದದ್ದು, ಅವಳು ಇವನಿಗೆ ಬರೆದದ್ದು. ಮಧ್ಯೆ ಕಥೆ ಹೇಳೋಕೆ ಲೇಖಕ ತಲೆ ಹಾಕುವುದೇ ಇಲ್ಲ. ಇದಕ್ಕೇ ಪತ್ರ ಕಾದಂಬರಿ ಎನ್ನುತ್ತಾರೆ. ನಾವು ಬೇರೆಯವರ ಟಪಾಲು ಒಡೆದು ಓದುತ್ತಿರುತ್ತೇವೆ, ಅಷ್ಟೆ. ಕಾಗದ ಬರೆದ ದಿನ ಒಂದು, ಅದು ಕೈಸೇರುವ ದಿನ ಇನ್ನೊಂದು. ಕಥೆಯ ಜೀವ ಇರುವುದು ಆ ನಡುವಿನ ಸಮಯದಲ್ಲಿ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಮಾಂಟೆಸ್ಕ್ಯೂನ ‘ಪರ್ಷಿಯನ್ ಪತ್ರಗಳು’ ಓದಿದಾಗ.

ಇದು ಫ್ರೆಂಚ್ ಪುಸ್ತಕ. 1721ರಲ್ಲಿ ಲೇಖಕನ ಹೆಸರಿಲ್ಲದೆ ಬಂತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಂದೇ ಕೈಯಲ್ಲಿ ಇರಬಾರದು ಅಂತ ಶಾಲೆಯಲ್ಲಿ ಓದಿರ್ತೀವಲ್ಲ, ಹಾಗೆ ವಾದಿಸಿದವನೇ ಈ ಮಾಂಟೆಸ್ಕ್ಯೂ. ಉಸ್ಬೆಕ್ ಮತ್ತು ರಿಕಾ ಎಂಬ ಇಬ್ಬರು ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಇಸ್ಫಹಾನ್ ನಗರ ಬಿಟ್ಟು ಪ್ಯಾರಿಸ್‌ಗೆ ಬರುತ್ತಾರೆ, ಕಂಡದ್ದನ್ನೆಲ್ಲ ಊರಿಗೆ ಬರೆಯುತ್ತಾರೆ. ರಾಜ ಎಂಥ ಮಾಂತ್ರಿಕ ಅಂದರೆ, ಕಾಗದದ ಚೂರು ತೋರಿಸಿ ಇದೇ ದುಡ್ಡು ಅಂದರೂ ಜನ ನಂಬುತ್ತಾರೆ ಅಂತ ರಿಕಾ ಬರೆಯುತ್ತಾನೆ. ಫ್ರೆಂಚರು ದಿನಾ ನೋಡುತ್ತಿದ್ದದ್ದನ್ನೇ ಹೊರಗಿನವನ ಕಣ್ಣಿಂದ ಅವರಿಗೆ ತೋರಿಸಿದ್ದು ಹೀಗೆ.

ನನಗೆ ತುಂಬಾ ಇಷ್ಟವಾದ ಕಾಗದ ಒಂದಿದೆ. ರಿಕಾ ತನ್ನ ಪರ್ಷಿಯನ್ ಉಡುಪಿನಲ್ಲಿ ಹೊರಟರೆ ಬೀದಿಗೆ ಬೀದಿಯೇ ಕಿಟಕಿಗೆ ಬಂದು ನಿಲ್ಲುತ್ತದೆ, ಅಂಗಡಿ ಅಂಗಡಿಯಲ್ಲೂ ಅವನದೇ ಚಿತ್ರ. ಸಾಕಪ್ಪ ಅಂತ ಯುರೋಪಿನ ಬಟ್ಟೆ ಹಾಕಿಕೊಳ್ಳುತ್ತಾನೆ. ಈಗ ಜನರ ಮಧ್ಯೆ ಒಂದು ಗಂಟೆ ಕೂತರೂ ಯಾರೂ ತಿರುಗಿ ನೋಡರು! ಇವನು ಪರ್ಷಿಯನ್ ಅಂತ ಯಾರೋ ಹೇಳಿದ ಕೂಡಲೇ ಮತ್ತೆ ಗುಜುಗುಜು, ಪರ್ಷಿಯನ್ ಆಗಿರೋಕೆ ಹೇಗಪ್ಪಾ ಸಾಧ್ಯ ಅಂತ.

ಆದರೆ ಉಸ್ಬೆಕ್‌ನ ಕಥೆ ಬೇರೆ. ನ್ಯಾಯ, ಸ್ವಾತಂತ್ರ್ಯ ಅಂತ ಚೆನ್ನಾಗಿ ಬರೆಯುವ ಇದೇ ಮನುಷ್ಯ ತನ್ನ ಹೆಂಡತಿಯರನ್ನು ಇಸ್ಫಹಾನಿನ ಜನಾನಾದಲ್ಲಿ ಕಾವಲಿಟ್ಟು ಬಂದಿದ್ದಾನೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರು ಅನ್ನುವ ಗಾದೆ ಇವನಿಗೇ ಮಾಡಿಸಿದಂತಿದೆ, ಅಲ್ವಾ? ಅಲ್ಲಿ ಹಿಡಿತ ತಪ್ಪುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ನಿನಗೆ ಪೂರ್ಣ ಅಧಿಕಾರ ಕೊಟ್ಟಿದ್ದೇನೆ ಅಂತ ಮುಖ್ಯ ಕಾವಲುಗಾರನಿಗೆ ಬರೆಯುತ್ತಾನೆ. ಕಾಗದ ತಲುಪುವಾಗ ಆ ಕಾವಲುಗಾರ ಸತ್ತುಹೋಗಿದ್ದಾನೆ. ಅವನ ಜಾಗಕ್ಕೆ ನಿಂತ ಮುದುಕ ಅದನ್ನು ಒಡೆಯುವುದಿಲ್ಲ. ಯಜಮಾನರ ಕಾಗದ ಅಂತ ಗೌರವದಿಂದ ಸುತ್ತಿ ಜೋಪಾನವಾಗಿ ಎತ್ತಿಡುತ್ತಾನೆ, ಮುಂದೇನು ಮಾಡಲಿ ಅಂತ ಕೇಳಿ ಪ್ಯಾರಿಸ್‌ಗೆ ಬರೆಯುತ್ತಾನೆ!

ಕೊನೆಯ ಕಾಗದ ರೊಕ್ಸಾನಳದು, ಉಸ್ಬೆಕ್ ಎಲ್ಲರಿಗಿಂತ ಜಾಸ್ತಿ ನಂಬಿದ್ದ ಹೆಂಡತಿ. ಬಂಧನದಲ್ಲಿ ಬದುಕಿದ್ದರೂ ಯಾವಾಗಲೂ ಸ್ವತಂತ್ರಳಾಗಿಯೇ ಇದ್ದೆ ಅನ್ನುತ್ತಾಳೆ. ಅಷ್ಟು ಹೊತ್ತಿಗೆ ವಿಷ ಕುಡಿದಾಗಿದೆ, ಲೇಖನಿ ಕೈಯಿಂದ ಜಾರುತ್ತಿದೆ ಅಂತಲೂ ಅವಳೇ ಬರೆಯುತ್ತಾಳೆ. ಉಸ್ಬೆಕ್‌ನ ಉತ್ತರ ಪುಸ್ತಕದಲ್ಲಿ ಇಲ್ಲ.