ಎರೆಭೂತವೂ ನವಿಲೂ

ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಇಂದಿಗೂ ನವಿಲು ಕೂಗುತ್ತದೆ. ಅದೇ ಜಿಲ್ಲೆಯ ರಾಣೆಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ಅಡ್ಡಾಡುತ್ತಿದ್ದ ಎರೆಭೂತ ಈಗ ಅಲ್ಲಿಲ್ಲ. ಎರ್ಲಡ್ಡು, ದೊರೆವಾಯನ ಹಕ್ಕಿ ಎಂದೂ ಕರೆಸಿಕೊಳ್ಳುವ ಇದು, 15 ಕಿಲೋವರೆಗೂ ತೂಗಬಲ್ಲ ಹುಲ್ಲುಗಾವಲಿನ ಹಕ್ಕಿ.

ಇವೆರಡೂ ಒಮ್ಮೆ ಎದುರಾಳಿಗಳಾಗಿದ್ದವು. ರಾಷ್ಟ್ರಪಕ್ಷಿಯ ಆಯ್ಕೆಯ ಮಾತು ಬಂದಾಗ ಪಕ್ಷಿತಜ್ಞ ಸಲೀಂ ಅಲಿ ಎರೆಭೂತದ ಪರವಾಗಿದ್ದರು. ಪಟ್ಟ ಸಿಕ್ಕಿದ್ದು ನವಿಲಿಗೆ, 1963ರಲ್ಲಿ. ‘ಬಸ್ಟರ್ಡ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಬೈಗುಳವಾದೀತೆಂಬ ಅಂಜಿಕೆಯೂ ಕಾರಣವೆಂದು ಹೇಳುವುದುಂಟು. ಸುಬ್ರಹ್ಮಣ್ಯನ ವಾಹನದ ಎದುರು ಭೂತಕ್ಕೆ ಹೇಗೂ ಗೆಲುವಿರಲಿಲ್ಲ ಎಂಬುದು ನನ್ನ ಅನಿಸಿಕೆ.

ವಂಶದಲ್ಲಿ ಎರಡೂ ದೂರ ದೂರ. 1758ರಲ್ಲಿ ಲಿನೇಯಸ್ ‘ಪಾವೊ ಕ್ರಿಸ್ಟೇಟಸ್’ ಎಂದು ಹೆಸರಿಟ್ಟ ನವಿಲು ಕೋಳಿಯ ಕುಟುಂಬದ್ದು. ‘ಆರ್ಡಿಯೋಟಿಸ್ ನೈಗ್ರಿಸೆಪ್ಸ್’ ಎಂಬ ಎರೆಭೂತವನ್ನು ಹಳೆಯ ಪುಸ್ತಕಗಳು ಕ್ರೌಂಚಗಳ ಗಣಕ್ಕೆ ಸೇರಿಸುತ್ತಿದ್ದವು. ಈಗ ಅದರ ಬಳಗಕ್ಕೆ ‘ಓಟಿಡಿಫಾರ್ಮಿಸ್’ ಎಂಬ ಪ್ರತ್ಯೇಕ ಗಣವೇ ಇದೆ.

1972ರ ವನ್ಯಜೀವಿ ಕಾಯ್ದೆ ಎರಡನ್ನೂ ಮೊದಲನೇ ಅನುಸೂಚಿಯಲ್ಲಿಟ್ಟು ಸಮಾನ ರಕ್ಷಣೆ ಕೊಟ್ಟಿದೆ. ಆದರೂ ಜೀವಿಗಳ ಅಳಿವು-ಉಳಿವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ನವಿಲು ಆತಂಕವಿಲ್ಲದ ವರ್ಗದಲ್ಲಿದ್ದರೆ, ಎರೆಭೂತ 2011ರಿಂದ ತೀವ್ರ ಅಳಿವಿನಂಚಿನ ವರ್ಗದಲ್ಲಿದೆ. 1969ರಲ್ಲಿ ಸುಮಾರು 1,260 ಎಂದು ಅಂದಾಜಿಸಿದ್ದ ಸಂಖ್ಯೆ ಈಗ 150ರ ಆಸುಪಾಸಿಗೆ ಇಳಿದಿದೆ.

ಬೇಟೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ನವಿಲು ಹೊಲ, ತೋಟ, ಊರು ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ, ನಾಲ್ಕಾರು ಮೊಟ್ಟೆ ಇಡುತ್ತದೆ. ಬಿತ್ತಿದ ಕಾಳನ್ನು ಹೆಕ್ಕುತ್ತದೆಂದು ರೈತರು ಬೈಯುವಷ್ಟು ಬೆಳೆದಿದೆ. ಎರೆಭೂತ ಸಾಮಾನ್ಯವಾಗಿ ಬಯಲು ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಆ ಬಯಲನ್ನು ನಾವು ಕಂದಾಯದ ಕಡತದಲ್ಲಿ ‘ಪಾಳು’ ಎಂದು ಬರೆದು ನೀಲಗಿರಿ ನೆಟ್ಟೆವು, ನೀರಾವರಿ ಹರಿಸಿದೆವು. ರಾಣೆಬೆನ್ನೂರಿನಲ್ಲಿಯೂ ನೆಟ್ಟದ್ದು ನೀಲಗಿರಿಯನ್ನೇ.

ಈಗಿನ ದೊಡ್ಡ ಕಂಟಕ ವಿದ್ಯುತ್ ತಂತಿ. ಮೈಭಾರದ ಈ ಹಕ್ಕಿಗೆ ಎದುರಿನದು ಸರಿಯಾಗಿ ಕಾಣುವುದಿಲ್ಲ, ಹಾರುವಾಗ ತಂತಿಗೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ ಮತ್ತು ಗುಜರಾತಿನ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಹೇಳಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅತ್ತ ಜೈಸಲ್ಮೇರ್ ಬಳಿಯ ಸಮ್‌ನಲ್ಲಿ, ಬಯಲಿನಿಂದ ತಂದ ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು ಮರಿ ಮಾಡುವ ಕೆಲಸ 2019ರಿಂದ ನಡೆದಿದೆ. ಇತ್ತ ಕರ್ನಾಟಕದ ಪಾಲಿಗೆ ಉಳಿದಿರುವುದು ಬಳ್ಳಾರಿಯ ಸಿರುಗುಪ್ಪದ ಸುತ್ತಲಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು.