ಹ್ಯೂಮನ್ ಲೀಗ್ ಡಿಸ್ಕೊ ಕಡೆಗೆ ಹೊರಳಿದ್ದು ಯಾವಾಗ, ಏಕೆ?

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯೂಮನ್ ಲೀಗ್ ಎಂಬ ಸಂಗೀತ ತಂಡದ ಬಗ್ಗೆ ನಾಲ್ಕು ದಶಕಗಳಿಂದ ಒಂದು ಕಥೆ ಚಾಲ್ತಿಯಲ್ಲಿದೆ. 1980ರಲ್ಲಿ ತಂಡ ಒಡೆದಾಗ ಪ್ರಯೋಗಶೀಲರು ಹೊರನಡೆದರು, ಉಳಿದವರು ಮಾರುಕಟ್ಟೆಗೆ ಮಣಿದು ಡಿಸ್ಕೊ ಲಯವನ್ನು ಅಪ್ಪಿಕೊಂಡರು ಎಂಬುದು ಆ ಕಥೆ. ಆದರೆ ಘಟನೆಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಕಥೆ ನಿಲ್ಲುವುದಿಲ್ಲ.

ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಎಪ್ಪತ್ತರ ದಶಕದುದ್ದಕ್ಕೂ ಯಂತ್ರಗಳಿಂದ ಸಂಗೀತ ಕಟ್ಟುತ್ತ ಬಂದಿತ್ತು. 1977ರಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲಾಟ್ ಅವರು ಡೋನಾ ಸಮರ್ ಕಂಠಕ್ಕೆ ಬಹುಪಾಲು ಸಿಂಥಸೈಜರ್ (ವಿದ್ಯುತ್ ಸಂಕೇತಗಳಿಂದ ಧ್ವನಿ ಹುಟ್ಟಿಸುವ ವಾದ್ಯ) ಒಂದರಿಂದಲೇ ಕುಣಿತದ ಹಾಡೊಂದನ್ನು ಮಾಡಿ, ಡಿಸ್ಕೊಗೆ ವಾದ್ಯವೃಂದ ಅನಿವಾರ್ಯವಲ್ಲ ಎಂದು ತೋರಿಸಿಕೊಟ್ಟರು. ಅದೇ ವರ್ಷ ಶೆಫೀಲ್ಡಿನಲ್ಲಿ ಕಂಪ್ಯೂಟರ್ ಆಪರೇಟರ್‌ಗಳಾಗಿದ್ದ ಮಾರ್ಟಿನ್ ವೇರ್ ಮತ್ತು ಇಯನ್ ಕ್ರೇಗ್ ಮಾರ್ಶ್, ಆಸ್ಪತ್ರೆಯಲ್ಲಿ ಪೋರ್ಟರ್ ಕೆಲಸ ಮಾಡುತ್ತಿದ್ದ ಫಿಲ್ ಓಕಿ ಅವರನ್ನು ಗಾಯಕನಾಗಿ ಕರೆತಂದರು. ವೇದಿಕೆಯ ಮೇಲೆ ಸ್ಲೈಡುಗಳನ್ನು ತೋರಿಸುವ ಹೊಣೆಯನ್ನು ಏಡ್ರಿಯನ್ ರೈಟ್ ವಹಿಸಿಕೊಂಡರು. 1978ರಲ್ಲಿ ಎಡಿನ್‌ಬರೊದ ಫಾಸ್ಟ್ ಪ್ರಾಡಕ್ಟ್ ಎಂಬ ಪುಟ್ಟ ಸಂಸ್ಥೆ ಇವರ ಮೊದಲ ಹಾಡನ್ನು ಹೊರತಂದಿತು. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಎಲ್ಲವೂ ಸಿಂಥಸೈಜರ್: ಅದು ತಂಡದ ನಿಯಮವಾಗಿತ್ತು.

ಈ ನಿಯಮ ಮೊದಲು ಮುರಿದದ್ದು 1979ರಲ್ಲಿ, ನಾಲ್ವರೂ ತಂಡದಲ್ಲಿದ್ದಾಗಲೇ. ಆಗಷ್ಟೇ ಒಪ್ಪಂದ ಮಾಡಿಕೊಂಡಿದ್ದ ವರ್ಜಿನ್ ಸಂಸ್ಥೆಗೆ ರೇಡಿಯೊದಲ್ಲಿ ಸಲ್ಲುವ ಹಾಡು ಬೇಕಾಗಿತ್ತು. ಬಾಡಿಗೆ ವಾದಕರಿಂದ ಬಾಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸಿ, ಹಿನ್ನೆಲೆಗೆ ಹೆಣ್ಣು ದನಿಗಳನ್ನು ಸೇರಿಸಿ ಒಂದು ಡಿಸ್ಕೊ ಹಾಡು ಸಿದ್ಧವಾಯಿತು. ಆದರೆ ಅದು ಹೊರಬಂದದ್ದು 'ದಿ ಮೆನ್' ಎಂಬ ಬೇರೆ ಹೆಸರಿನಲ್ಲಿ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಶಿಕಾಗೊ ನಗರದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಗಾನತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಕುಣಿತದ ಸಂಗೀತ ಎಂದರೆ ಕೀಳು ಎಂಬ ಭಾವನೆ ರಾಕ್ ಕೇಳುಗರಲ್ಲಿ ಎಷ್ಟು ಆಳವಾಗಿತ್ತೆಂದರೆ, ಹೆಸರು ಮರೆಸಿಕೊಂಡದ್ದರಲ್ಲಿ ಅಚ್ಚರಿಯೇನೂ ಇಲ್ಲ. ಹಾಡು ಮಾತ್ರ ಗೆಲ್ಲಲಿಲ್ಲ.

ಅದರ ನಂತರದ ಎರಡು ಆಲ್ಬಮ್‌ಗಳೂ ದೊಡ್ಡ ಯಶಸ್ಸು ಕಾಣಲಿಲ್ಲ. ಇತ್ತ ಗ್ಯಾರಿ ನ್ಯೂಮನ್ ಇದೇ ಬಗೆಯ ಧ್ವನಿಯಿಂದ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರು. ತಂಡದ ಮೇಲೆ ಸಾಲ ಬೆಳೆಯಿತು, ಮನಸ್ತಾಪ ಅದಕ್ಕಿಂತ ವೇಗವಾಗಿ ಬೆಳೆಯಿತು. 1980ರ ಶರತ್ಕಾಲದಲ್ಲಿ, ಪ್ರವಾಸವೊಂದು ಹೊಸ್ತಿಲಲ್ಲಿರುವಾಗ ವೇರ್ ಮತ್ತು ಮಾರ್ಶ್ ಹೊರಬಂದರು. ತಂಡದ ಹೆಸರೂ ಅದರ ಜೊತೆಗಿನ ಸಾಲವೂ ಓಕಿ ಮತ್ತು ರೈಟ್ ಪಾಲಿಗೆ ಬಂದವು. ಮುಂದಿನ ಆಲ್ಬಮ್ಮಿನ ರಾಯಧನದಲ್ಲಿ ಶೇಕಡಾ 1 ಹೊರಹೋದವರಿಗೆ ಎಂದು ಒಪ್ಪಂದವಾಯಿತು.

ಪ್ರವಾಸ ರದ್ದಾದರೆ ನಷ್ಟದ ಹೊರೆ ಇನ್ನಷ್ಟು ಹೆಚ್ಚುತ್ತಿತ್ತು. ವೇರ್ ಹಾಡುತ್ತಿದ್ದ ಮೇಲಿನ ಸ್ವರಗಳಿಗೆ ಹೆಣ್ಣು ದನಿಯೊಂದನ್ನು ಹುಡುಕುತ್ತ ಓಕಿ ಶೆಫೀಲ್ಡಿನ ಕ್ರೇಜಿ ಡೇಸಿ ಎಂಬ ಡಿಸ್ಕೊ ಕುಣಿತದ ಕ್ಲಬ್ಬಿಗೆ ಹೋದರು. ಅಲ್ಲಿ ಕುಣಿಯುತ್ತಿದ್ದ, ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಗೆಳತಿಯರಾದ ಜೋಆನ್ ಕ್ಯಾಥರಾಲ್ ಮತ್ತು ಸೂಸನ್ ಆನ್ ಸಲಿ ಇಬ್ಬರನ್ನೂ ಸೇರಿಸಿಕೊಂಡರು. ಇವರ ತರಬೇತಿಯಿಲ್ಲದ ದನಿಗಳನ್ನು ಪತ್ರಿಕೆಗಳು ಹಗುರವಾಗಿ ಕಂಡವು, ಇದು ಅನ್ಯಾಯ. ಯಂತ್ರಗಳ ಕರಾರುವಾಕ್ಕಾದ ಲಯದ ಪಕ್ಕದಲ್ಲಿ ಊರಿನ ಹುಡುಗಿಯರು ಸಹಜವಾಗಿ ಹಾಡಿದಂತಿದ್ದ ಆ ದನಿಯಿಂದಲೇ ಮುಂದಿನ ಹಾಡುಗಳಿಗೆ ಜೀವ ಬಂತು.

ಆದರೂ ನಿಜವಾದ ತಿರುವು ನಡೆದದ್ದು 1981ರಲ್ಲಿ, ಬರ್ಕ್‌ಶೈರಿನ ಜೆನೆಟಿಕ್ ಸ್ಟುಡಿಯೊದಲ್ಲಿ. ಅದರ ಒಡೆಯ ಮಾರ್ಟಿನ್ ರಷಂಟ್ ಅದುವರೆಗೆ ಸ್ಟ್ರ್ಯಾಂಗ್ಲರ್ಸ್, ಬಝ್‌ಕಾಕ್ಸ್‌ನಂಥ ಗಿಟಾರ್ ತಂಡಗಳ ನಿರ್ಮಾಪಕರಾಗಿದ್ದವರು. ಅವರ ಬಳಿ ಆಗ ಬೇರೆಲ್ಲೂ ಸುಲಭವಾಗಿ ಸಿಗದ ಎರಡು ಯಂತ್ರಗಳಿದ್ದವು. ಸಿಂಥಸೈಜರ್‌ಗಳನ್ನು ತಾನೇ ನುಡಿಸುತ್ತಿದ್ದ ರೋಲ್ಯಾಂಡ್ ಎಂಸಿ-8 ಎಂಬ ಯಂತ್ರದಲ್ಲಿ ಸ್ವರವನ್ನು ಕೈಯಿಂದ ನುಡಿಸಿ ತುಂಬುತ್ತಿರಲಿಲ್ಲ. ಪ್ರತಿ ಸ್ವರದ ಎತ್ತರ, ಮುಂದಿನ ಸ್ವರದವರೆಗಿನ ಅಂತರ, ಅದು ನಿಲ್ಲಬೇಕಾದ ಅವಧಿ ಇವನ್ನು ಅಂಕಿಗಳಾಗಿ ಒಂದೊಂದೇ ಒತ್ತಿ ತುಂಬಬೇಕಿತ್ತು. ಲಿನ್ ಎಲ್‌ಎಂ-1 ಎಂಬ ಡ್ರಮ್ ಮಷಿನ್ ನಿಜವಾದ ಡ್ರಮ್ಮಿನ ಶಬ್ದಗಳನ್ನೇ ಡಿಜಿಟಲ್ ರೂಪದಲ್ಲಿ ಹೊಂದಿದ್ದ ಮೊದಲ ಯಂತ್ರ. ಹಳೆಯ ಸಿಂಥಸೈಜರ್‌ಗಳಲ್ಲಿ ಕೈಯಿಂದ ನುಡಿಸಿದ್ದು ತುಸುವಾದರೂ ಹಿಂದೆಮುಂದೆ ಆಗುತ್ತಿತ್ತು. ಈಗ ಬಾಸ್, ತಾಳ, ಮೇಳ ಎಲ್ಲವೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದವು. ಕುಣಿಯುವವರ ಕಾಲಿಗೆ ಬೇಕಾದದ್ದು ಇದೇ ನಿಖರತೆ. ಹಾಡು ಡಿಸ್ಕೊ ಆದದ್ದರಲ್ಲಿ ಹಣದ ಒತ್ತಡದಷ್ಟೇ ಪಾಲು ಈ ಯಂತ್ರಗಳಿಗೂ, ಅವುಗಳ ಮುಂದೆ ದಿನಗಟ್ಟಲೆ ಕುಳಿತವರ ತಾಳ್ಮೆಗೂ ಇದೆ. ಗುಂಡಿ ಒತ್ತಿದರೆ ಹಾಡು ಬರುತ್ತದೆ ಎಂದು ಅಂದು ಮೂದಲಿಸಿದವರು ಈ ದುಡಿಮೆಯನ್ನು ಗಣನೆಗೆ ತಂದುಕೊಳ್ಳಲೇ ಇಲ್ಲ.

ಅಕ್ಟೋಬರ್ 1981ರಲ್ಲಿ ಬಂದ 'ಡೇರ್' ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಅದರ ಕೊನೆಯ ಹಾಡನ್ನು ಪ್ರತ್ಯೇಕವಾಗಿ ಬಿಡುಗಡೆ ಮಾಡುವುದು ಓಕಿಗೆ ಇಷ್ಟವಿರಲಿಲ್ಲ. ಅದು ಅವರ ಕಣ್ಣಿಗೆ ಆಲ್ಬಮ್ಮಿನ ದುರ್ಬಲ ಹಾಡಾಗಿತ್ತು. ಸಂಸ್ಥೆ ಪಟ್ಟು ಹಿಡಿಯಿತು. ಅದೇ ಹಾಡು ಆ ವರ್ಷದ ಕ್ರಿಸ್ಮಸ್ ವೇಳೆಗೆ ಬ್ರಿಟನ್ನಿನಲ್ಲೂ 1982ರ ಜುಲೈನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಎಲ್ಲವನ್ನೂ ಲೆಕ್ಕ ಹಾಕಿ ಮಾರುಕಟ್ಟೆಗೆ ಇಳಿದ ತಂಡ ಎಂಬ ಆರೋಪಕ್ಕೆ ಈ ಒಂದು ಸಂಗತಿಯೇ ಸಾಕಷ್ಟು ಅಡ್ಡಿಯಾಗಿದೆ.

ಹೊರಹೋದವರು ಏನು ಮಾಡಿದರು ಎಂಬುದನ್ನು ಈ ಚರ್ಚೆಯಲ್ಲಿ ಅಪರೂಪಕ್ಕೆ ಕೇಳಲಾಗುತ್ತದೆ. ವೇರ್ ಮತ್ತು ಮಾರ್ಶ್, ಗಾಯಕ ಗ್ಲೆನ್ ಗ್ರೆಗರಿ ಜೊತೆ ಕಟ್ಟಿದ ಹೆವೆನ್ 17 ತಂಡದ ಮೊದಲ ಆಲ್ಬಮ್ 'ಡೇರ್'ಗಿಂತ ತುಸು ಮುಂಚೆ, ಅದೇ ವರ್ಜಿನ್ ಸಂಸ್ಥೆಯಿಂದ ಹೊರಬಂತು. ಅದೂ ಕುಣಿತದ ಸಂಗೀತವೇ, ಅದರಲ್ಲೂ ಫಂಕ್ ಶೈಲಿಯ ಬಾಸ್ ಗಿಟಾರ್ ಎದ್ದು ಕೇಳಿಸುವಂಥದ್ದು. ಸಿಂಥಸೈಜರ್ ಮಾತ್ರ ಎಂಬ ಹಳೆಯ ನಿಯಮಕ್ಕೆ ಹತ್ತಿರ ಉಳಿದದ್ದು ವಾಣಿಜ್ಯಕ್ಕೆ ಮಣಿದರು ಎನ್ನಿಸಿಕೊಂಡವರ ಪಾಲಿನ ತಂಡ.

1982ರಲ್ಲಿ ರಷಂಟ್ 'ಡೇರ್'ನ ಧ್ವನಿಸುರುಳಿಗಳನ್ನು ಕೈಯಾರೆ ಕತ್ತರಿಸಿ, ಮರುಜೋಡಿಸಿ, ಬಹುಪಾಲು ವಾದ್ಯಮಾತ್ರವಾದ ಕುಣಿತದ ಆಲ್ಬಮ್ ಒಂದನ್ನು ರೂಪಿಸಿದರು. ಅದರ ಹೊದಿಕೆಯ ಮೇಲೆ ತಂಡದ ಹೆಸರು 'ಲೀಗ್ ಅನ್‌ಲಿಮಿಟೆಡ್ ಆರ್ಕೆಸ್ಟ್ರಾ' ಎಂದಿತ್ತು. ಡಿಸ್ಕೊ ಕಾಲದ ಹಿರಿಯ ಬ್ಯಾರಿ ವೈಟ್ ಅವರ 'ಲವ್ ಅನ್‌ಲಿಮಿಟೆಡ್ ಆರ್ಕೆಸ್ಟ್ರಾ'ಗೆ ಅದು ಬಹಿರಂಗವಾಗಿಯೇ ಸಲ್ಲಿಸಿದ ಗೌರವವಾಗಿತ್ತು.