ಹಲ್ಲು ಎಣಿಸಿ, ಆಮೇಲೆ ಬೆಲೆ ಕೇಳಿ

ಹೋದ ತಿಂಗಳು ಒಂದು ಸಂಜೆ ನನ್ನ ಸೈಕಲ್ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹುಡುಗ ರೋಡ್ ಬೈಕ್, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್, ತಳ್ಳಿಕೊಂಡು ಬಂದ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದನ್ನು 40 ಸಾವಿರ ಕೊಟ್ಟು ತಂದಿದ್ದ. ನೋಡೋಕೆ ತುಂಬಾ ಚೆನ್ನಾಗಿತ್ತು, ಬಣ್ಣ ಒಂದು ಚೂರೂ ಎದ್ದಿರಲಿಲ್ಲ.

"ಅಣ್ಣ, ಗೇರ್ ಏನೋ ಕೆಟ್ಟಿದೆ. ಕೈಮರ ದಾಟಿ ಏರು ಶುರುವಾದ್ರೆ ತುಳಿಯೋಕೇ ಆಗಲ್ಲ" ಅಂದ. ಕೈಮರ ಇರುವುದು ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ.

ಸ್ಟ್ಯಾಂಡಿಗೆ ಏರಿಸಿ ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರ್ ಬದಲಿಸಿದೆ. ಎಲ್ಲವೂ ಟಕ್ ಟಕ್ ಅಂತ ಸರಿಯಾಗಿ ಬೀಳುತ್ತಿದ್ದವು. ಆಮೇಲೆ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಚೈನ್ ಕೂರುವ ಚಕ್ರಗಳ ಹಲ್ಲು ಎಣಿಸಿದೆ. ಪೆಡಲ್ ಹತ್ತಿರದ ಚಿಕ್ಕ ಚಕ್ರಕ್ಕೆ 39. ಹಿಂದಿನ ದೊಡ್ಡ ಚಕ್ರಕ್ಕೆ 25. "ಗೇರ್ ಕೆಟ್ಟಿಲ್ಲಪ್ಪ. ನಿನಗೆ ಬೇಕಾದ ಗೇರ್ ಇದರಲ್ಲಿ ಇಲ್ಲವೇ ಇಲ್ಲ" ಅಂದೆ.

ಈ ಲೆಕ್ಕ ಕಷ್ಟದ್ದಲ್ಲ. ರೋಡ್ ಬೈಕಿನ ಗಾಲಿ ಒಂದು ಸುತ್ತು ಉರುಳಿದರೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, 2.1ರಿಂದ ಗುಣಿಸಿ. ಅವನ ಬೈಕಿನಲ್ಲಿ ಅತಿ ಹಗುರವಾದ ಗೇರ್ ಹಾಕಿದರೂ ಒಂದು ಸುತ್ತು ತುಳಿದರೆ 3.3 ಮೀಟರ್ ಆಗುತ್ತಿತ್ತು. ನಿಮಿಷಕ್ಕೆ 60 ಸುತ್ತು ತುಳಿಯಬೇಕು ಅಂದರೆ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಗಿರಿ ಹತ್ತಬೇಕು. ರೇಸ್ ಓಡಿಸುವವರಿಗೆ ಅದು ಸರಿ. ಆರು ತಿಂಗಳಿಂದ ಸೈಕಲ್ ತುಳಿಯುತ್ತಿರುವ ಕಾಲಿಗೆ ಆಗುವ ಮಾತಲ್ಲ.

ಅದೇ ಮುಂದೆ 34, ಹಿಂದೆ 32 ಇದ್ದರೆ ಒಂದು ಸುತ್ತಿಗೆ 2.2 ಮೀಟರ್. ಅಷ್ಟೇ ಸುತ್ತು ತುಳಿದರೂ ಗಂಟೆಗೆ 8 ಕಿಲೋಮೀಟರ್ ಸಾಕು. ಉಸಿರು ಕಟ್ಟುವುದಿಲ್ಲ, ಮಂಡಿಯೂ ಉಳಿಯುತ್ತದೆ.

ಚಿಕ್ಕಮಗಳೂರಿನಲ್ಲಿ ಮೊದಲ ರೋಡ್ ಬೈಕ್ ಕೊಳ್ಳುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್. ಮಧ್ಯೆ ಇರುವುದು 20 ಕಿಲೋಮೀಟರ್ ಆಸುಪಾಸಿನ ದಾರಿ. ಕಡೂರಿನ ಕಡೆ ಹೊರಟರೆ ಬಯಲು, ಅಲ್ಲಿ ಯಾವ ಗೇರಾದರೂ ನಡೆಯುತ್ತದೆ. ಆದರೆ ರೋಡ್ ಬೈಕ್ ತಗೊಂಡ ಮೇಲೆ ಗಿರಿ ಕಡೆ ಹೋಗದೆ ಇರೋಕಾಗುತ್ತಾ? ಕಿಟಕಿ ತೆಗೆದರೆ ಅದೇ ಕಾಣುತ್ತದೆ ಅಲ್ವಾ!

ಹಾಗಾಗಿ "16 ಗೇರ್, 18 ಗೇರ್, 21 ಗೇರ್" ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಶಿಮಾನೊ ಕಂಪನಿಯ ಗೇರ್ ಸೆಟ್‌ಗಳನ್ನೇ ನೋಡಿ: ಕ್ಲಾರಿಸ್‌ನಲ್ಲಿ ಹಿಂದೆ 8 ಹಲ್ಲಿನ ಚಕ್ರ, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10. ಮೇಲೆ ಹೋದಷ್ಟೂ ಗೇರ್ ನಡುವಿನ ಅಂತರ ಕಡಿಮೆಯಾಗುತ್ತದೆ, ಬದಲಾಗುವುದು ನಯವಾಗುತ್ತದೆ. ಅಷ್ಟೇ. 11-25 ಅಂದರೆ ಹಿಂದಿನ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 25. 11-25ರ ಟಿಯಾಗ್ರಾಕ್ಕಿಂತ 11-32ರ ಕ್ಲಾರಿಸ್ ನಮ್ಮೂರಿಗೆ ಒಳ್ಳೆಯದು. ಕೆಲವು ಸಾವಿರ ಉಳಿಯುತ್ತದೆ ಕೂಡ.

ಕ್ಲಾರಿಸ್‌ಗಿಂತ ಕೆಳಗೆ, 7 ಚಕ್ರದ ಬೈಕ್ ನೋಡುತ್ತಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಹಿಂದಿನ ಹಲ್ಲಿನ ಚಕ್ರಗಳನ್ನು ಕೈಯಲ್ಲಿ ಹಿಮ್ಮುಖ ತಿರುಗಿಸಿ, ನಟ್ಟನಡುವೆ ಸ್ಪಾನರ್ ಕೂರಿಸುವ ಗೀರುಗಳ ಉಂಗುರ ನೋಡಿ. ಅದು ಹಲ್ಲಿನ ಚಕ್ರದ ಜೊತೆಗೇ ತಿರುಗಿದರೆ ಕ್ಯಾಸೆಟ್. ಅದು ಅಲ್ಲಾಡದೆ ಹಲ್ಲಿನ ಚಕ್ರ ಮಾತ್ರ ತಿರುಗಿದರೆ ಹಳೇ ಥರದ ಫ್ರೀವೀಲ್. ಫ್ರೀವೀಲ್ ಇರುವ ಹಬ್ಬಿನಲ್ಲಿ, ಅಂದರೆ ಗಾಲಿಯ ನಡುವಿನ ಗುಂಬದಲ್ಲಿ, ಬಲಗಡೆಯ ಬೇರಿಂಗ್ ತುಂಬಾ ಒಳಗೆ ಕೂರುತ್ತದೆ. ಗಾಲಿಯನ್ನು ಹೊರುವ ಕಡ್ಡಿ, ಅಂದರೆ ಆಕ್ಸಲ್‌ನ ಉದ್ದ ತುದಿಗೆ ಆಸರೆಯೇ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಗುಂಡಿಯಲ್ಲಿ ನಾಲ್ಕು ಸಲ ಧಡ್ ಅಂತ ಬಿದ್ದರೆ ಅದು ಬಾಗುತ್ತದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ನನ್ನ ಬೆಂಚಿನ ಮೇಲೆ ಇಂಥ ಆಕ್ಸಲ್ ಇದ್ದೇ ಇರುತ್ತವೆ. ಕ್ಯಾಸೆಟ್ ಇರುವ ಬೈಕಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ದುಡ್ಡು ವ್ಯರ್ಥವಲ್ಲ.

ಇನ್ನು ಅಳತೆ. ಇದರಲ್ಲಿ ನಾನೇ ಪೆಟ್ಟು ತಿಂದವನು. ನನ್ನ ಮೊದಲ ರೋಡ್ ಬೈಕನ್ನು ದೊಡ್ಡ ಊರಿನ ಒಂದು ಅಂಗಡಿಯಲ್ಲಿ ತಗೊಂಡೆ. ಅವರ ಹತ್ತಿರ ಉಳಿದಿದ್ದುದು 56 ಸೆಂಟಿಮೀಟರ್ ಅಳತೆಯ ಫ್ರೇಮ್ ಒಂದೇ. "ಸೀಟು ಇಳಿಸಿದ್ರೆ ಆಯ್ತು" ಅಂದರು, ನಾನೂ ನಂಬಿದೆ. ಸೀಟು ಇಳಿಯಿತು, ಆದರೆ ಹ್ಯಾಂಡಲ್ ದೂರವೇ ಉಳಿಯಿತು. ಬೇಲೂರಿಗೆ ಹೋಗಿ ಬರುವಷ್ಟರಲ್ಲಿ ಕಿರುಬೆರಳು ಜೋಮು ಹಿಡಿಯುತ್ತಿತ್ತು, ಕುತ್ತಿಗೆ ಎರಡು ದಿನ ತಿರುಗುತ್ತಿರಲಿಲ್ಲ. ಎರಡು ವರ್ಷ ಹಾಗೇ ಓಡಿಸಿದೆ. ಈಗಲೂ ಬೇಜಾರಾಗುತ್ತದೆ.

ನೀವು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಅಳೆದುಕೊಳ್ಳಿ. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ಮಧ್ಯೆ ಹಿಡಿದು, ಸೀಟಿನ ಮೇಲೆ ಕೂತ ಹಾಗೆ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. 78 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಅದನ್ನು 0.67ರಿಂದ ಗುಣಿಸಿದರೆ 52, ಅದು ಫ್ರೇಮಿನ ಅಳತೆಯ ಅಂದಾಜು. 0.883ರಿಂದ ಗುಣಿಸಿದರೆ ಸುಮಾರು 69, ಅದು ಕ್ರ್ಯಾಂಕಿನ, ಅಂದರೆ ಪೆಡಲ್ ತೋಳು ತಿರುಗುವ ಜಾಗದ, ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಇವೆರಡನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ. ಎರಡು ಅಳತೆಯ ನಡುವೆ ಬಂದರೆ ಚಿಕ್ಕದನ್ನೇ ತಗೊಳ್ಳಿ. ಚಿಕ್ಕ ಫ್ರೇಮನ್ನು ಸ್ವಲ್ಪ ಹಿಗ್ಗಿಸಿಕೊಳ್ಳಬಹುದು, ದೊಡ್ಡದನ್ನು ಕುಗ್ಗಿಸುವುದು ಕಷ್ಟ.

ಟಯರ್ ವಿಷಯದಲ್ಲಿ ನನ್ನದು ಒಂದೇ ಮಾತು: 28 ಮಿಲಿಮೀಟರ್ ಟಯರ್ ಆರಾಮವಾಗಿ ಹಿಡಿಯದ ಫ್ರೇಮ್ ಬೇಡ. 32 ಹಿಡಿದರೆ ಇನ್ನೂ ಒಳ್ಳೆಯದು. 23ರ ಸಣ್ಣ ಟಯರಿನಲ್ಲಿ ತೋಟದ ದಾರಿಗಳನ್ನು ಓಡಿಸಿದರೆ ಟ್ಯೂಬಿಗೂ ಸುಖವಿಲ್ಲ, ಸೊಂಟಕ್ಕೂ ಇಲ್ಲ.

ಬ್ರೇಕ್ ಬಗ್ಗೆ ಜಾಸ್ತಿ ವಾದ ನಡೆಯುತ್ತದೆ. ಬಯಲುಸೀಮೆಯಲ್ಲಿ ಓಡಿಸುವವರಿಗೆ ರಿಮ್ ಬ್ರೇಕ್ ಧಾರಾಳ ಸಾಕು, ಹಗುರ, ರಿಪೇರಿಯೂ ಸುಲಭ. ಇಲ್ಲಿ ಮಾತ್ರ ನಾನು ಡಿಸ್ಕ್ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ಕೆಂಪು ಮಣ್ಣು ನೀರಿನ ಜೊತೆ ಬ್ರೇಕ್ ರಬ್ಬರಿಗೆ ಅಂಟಿಕೊಳ್ಳುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಅಲ್ಯೂಮಿನಿಯಂ ರಿಮ್ಮನ್ನು ತಿನ್ನುತ್ತದೆ. ರಿಮ್ಮಿನ ಮೇಲೆ ಬೆರಳಾಡಿಸಿದಾಗ ಬಟ್ಟಲಿನ ಹಾಗೆ ತಗ್ಗು ಸಿಕ್ಕಿದರೆ ಅದರ ಆಯಸ್ಸು ಮುಗಿಯಿತು ಅಂತ. ಡಿಸ್ಕ್‌ನಲ್ಲಿ ಸವೆಯುವುದು ಪ್ಯಾಡ್ ಮತ್ತು ತಟ್ಟೆ, ಎರಡೂ ಸುಲಭವಾಗಿ ಬದಲಾಗುತ್ತವೆ. ಕೇಬಲ್ ಡಿಸ್ಕ್ ಆದರೂ ಪರವಾಗಿಲ್ಲ. ಆದರೆ ಬಹಳಷ್ಟು ಕೇಬಲ್ ಡಿಸ್ಕ್‌ಗಳಲ್ಲಿ ಒಳಗಡೆಯ ಪ್ಯಾಡ್ ತಾನಾಗಿ ಮುಂದೆ ಬರುವುದಿಲ್ಲ, ಸವೆದಂತೆಲ್ಲ ಎಲ್-ಕೀ ಹಾಕಿ ತಿರುಗಿಸುತ್ತಿರಬೇಕು. ತಗೊಳ್ಳುವ ದಿನವೇ ಅಂಗಡಿಯವರ ಹತ್ತಿರ ತೋರಿಸಿಕೊಳ್ಳಿ.

ತೂಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೀವು 70 ಕಿಲೋ, ಬೈಕ್ 10 ಕಿಲೋ. ಅದರಲ್ಲಿ ಒಂದು ಕಿಲೋ ಕಡಿಮೆಯಾದರೆ ಒಂದು ಗಂಟೆಯ ಏರಿನಲ್ಲಿ ಒಂದು ನಿಮಿಷವೂ ಉಳಿಯಲ್ಲ. ಆ ಒಂದು ಕಿಲೋಗೆ ಹತ್ತಾರು ಸಾವಿರ ಸುರಿಯುವ ಬದಲು ಹೆಲ್ಮೆಟ್, ಮೀಟರ್ ಇರುವ ಪಂಪ್, ಹಿಂದೆ ಮುಂದೆ ಲೈಟ್, ಎರಡು ಟ್ಯೂಬ್ ತಗೊಳ್ಳಿ. ಇದಕ್ಕೆ ಅಂತ ಐದು ಸಾವಿರ ಬೇರೆ ಎತ್ತಿಡಿ. ಜೊತೆಗೆ ವಾಲ್ವಿನ ಹಿತ್ತಾಳೆ ಅಡಾಪ್ಟರ್ ಒಂದು ಇರಲಿ. ರೋಡ್ ಬೈಕಿನ ಸಣ್ಣ ವಾಲ್ವಿಗೆ ನಮ್ಮ ಪಂಕ್ಚರ್ ಅಂಗಡಿಗಳ ಗಾಳಿ ಪೈಪು ಕೂರುವುದಿಲ್ಲ. ಸಖರಾಯಪಟ್ಟಣದಲ್ಲಿ ಗಾಳಿ ಹೋಗಿ ನಿಂತಾಗ ಆ ಉಗುರಿನಷ್ಟು ಸಾಮಾನಿನ ಬೆಲೆ ಗೊತ್ತಾಗುತ್ತದೆ. ಹೊಸ ಬೈಕಾದರೆ ಬಿಲ್ ಕೂಡ ನೋಡಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ.

ಆ ಹುಡುಗನ ಬೈಕಿಗೆ ಮುಂದೆ ಬರೀ ಚಿಕ್ಕ ಹಲ್ಲಿನ ಚಕ್ರ ಹಾಕಿದರೆ ಸಾಕಾಗುತ್ತಿರಲಿಲ್ಲ. ಆ ಕ್ರ್ಯಾಂಕಿನ ಬೋಲ್ಟ್ ಅಳತೆಗೆ 38 ಹಲ್ಲಿಗಿಂತ ಚಿಕ್ಕದು ಕೂರುವುದೇ ಇಲ್ಲ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ತೋಳು ಗಿಡ್ಡ, 32ಕ್ಕೆ ಎಟುಕುವುದಿಲ್ಲ. ಕ್ರ್ಯಾಂಕ್, ಕ್ಯಾಸೆಟ್, ಡಿರೇಲರ್, ಚೈನ್ ಎಲ್ಲ ಸೇರಿ 11 ಸಾವಿರ ಆಯಿತು. ಸಾಮಾನು ಬರುವವರೆಗೆ ಕಡೂರು ರಸ್ತೆಯಲ್ಲಿ ಓಡಿಸುತ್ತಿರು ಅಂದಿದ್ದೆ. ಹೋದ ಭಾನುವಾರ ಬೆಳಗ್ಗೆ ಮುಳ್ಳಯ್ಯನಗಿರಿಯ ದಾರಿಯಿಂದ ಫೋನ್ ಮಾಡಿದ. ಗಾಳಿ ಜೋರಾಗಿತ್ತು, ಮಾತು ಅರ್ಧಂಬರ್ಧ ಕೇಳುತ್ತಿತ್ತು. "ಅಣ್ಣ, ಸೀತಾಳಯ್ಯನಗಿರಿ ಹತ್ರ ಇದ್ದೀನಿ. ಎಲ್ಲೂ ಇಳಿದು ತಳ್ಳಲಿಲ್ಲ" ಅಂದ.